ನೆತ್ತರುಗೊಡಗೆಯಿಂದ ಪರಿಹಾರದ ಚೆಕ್ಕಿನವರೆಗೆ

(ನಗರದ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಮತ್ತು ಇತಿಹಾಸ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ನಮ್ಮ ಕರಾವಳಿಯಲ್ಲಿ ಸಾವಿನ ಮನೆಗೆ ಹೋಗುವುದಕ್ಕೆ ಒಂದು ಕ್ರಮವಿದೆ. ಯಾರೂ ಕರೆಯದೆಯೇ ಹೋಗಬೇಕು. ಹೆಚ್ಚು ಮಾತನಾಡಬಾರದು. ಹೊರಡುವಾಗ ‘ಬರ್ತೇನೆ’ ಎನ್ನಬಾರದು. ಸಾವಿನ ದಿನ ಹೋದವರು ಬೊಜ್ಜದ ದಿನ ಮತ್ತೊಮ್ಮೆ ಹೋಗಬೇಕು. ಇದನ್ನು ಯಾರೂ ಕಾನೂನಾಗಿ ಬರೆದಿಟ್ಟಿಲ್ಲ. ಆದರೆ ತಪ್ಪಿದವರನ್ನು ಊರು ಮರೆಯುವುದಿಲ್ಲ.

ಹಾಗಾದರೆ ಸೈನಿಕನೊಬ್ಬ ತೀರಿಕೊಂಡ ಮನೆಗೆ ನಾಡನ್ನು ಆಳುವವರು ಹೋಗುವುದಕ್ಕೆ ಕ್ರಮ ಯಾವುದು? ಅವರು ಏನು ಹೇಳಬೇಕು, ಏನು ಕೊಡಬೇಕು, ಎಷ್ಟು ಸಲ ಹೋಗಬೇಕು? ಟಿ.ವಿ.ಯಲ್ಲಿ ಇಂತಹ ದೃಶ್ಯಗಳನ್ನು ನಾವೆಲ್ಲ ನೋಡಿದ್ದೇವೆ: ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ, ಹೂವಿನ ಗುಚ್ಛ, ಕುಶಾಲತೋಪು, ತಾಯಿಯ ಮುಂದೆ ಕೈಮುಗಿದು ನಿಂತ ಮಂತ್ರಿ. ಇದು ಅನಾದಿಯಿಂದ ಬಂದ ಪದ್ಧತಿ ಎಂದು ತೋರಬಹುದು. ವಾಸ್ತವದಲ್ಲಿ ಈಗಿನ ರೂಪಕ್ಕೆ ಕಾಲು ಶತಮಾನಕ್ಕಿಂತ ಸ್ವಲ್ಪ ಹೆಚ್ಚಿನ ವಯಸ್ಸಷ್ಟೇ. ಆದರೆ ಅದರ ಹಿಂದಿರುವ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಅಲ್ಲಿಂದಲೇ ಆರಂಭಿಸೋಣ.

ಕಲ್ಲಿನಲ್ಲಿ ಕೊರೆದ ಸಂತಾಪ

ಕರ್ನಾಟಕದ ಊರೂರಿನಲ್ಲಿ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರ ಜೊತೆ ವೀರನ ಪಯಣ, ಮೇಲೆ ದೇವಸಾನ್ನಿಧ್ಯ. ಶಿಲ್ಪವನ್ನು ನೋಡಿ ನಾವು ಮುಂದೆ ಹೋಗಿಬಿಡುತ್ತೇವೆ. ಆದರೆ ಅನೇಕ ಕಲ್ಲುಗಳಲ್ಲಿ ಬರಹವೂ ಇದೆ. ಆ ಬರಹದಲ್ಲಿ ಆಳುವವನು ಸತ್ತವನ ಮನೆಗೆ ಏನು ಕೊಟ್ಟ ಎಂಬುದಿದೆ. ಅದಕ್ಕೆ ನಮ್ಮ ಹಿಂದಿನವರು ಬಳಸಿದ ಹೆಸರುಗಳೇ ಅರ್ಥಪೂರ್ಣ. ಹೋರಾಡಿ ಮಡಿದವನ ಮನೆಯವರಿಗೆ ಕೊಟ್ಟ ಭೂಮಿ ‘ನೆತ್ತರುಗೊಡಗೆ’. ಯೋಧನಿಗೆ ಕತ್ತಿ ತೊಳೆದು ಗೌರವಿಸಿ ಕೊಟ್ಟದ್ದು ‘ಬಾಳ್ಗಳ್ಚು’. ವೀರನ ಹೆಸರಿನಲ್ಲಿ ಬಿಟ್ಟುಕೊಟ್ಟ ನೆಲ ‘ಕಲ್ನಾಡು’.

ಬೆಂಗಳೂರಿನ ಬೇಗೂರಿನಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ಪ್ರಸಿದ್ಧ ವೀರಗಲ್ಲನ್ನು ನೋಡಿ. ಎರೆಯಪ್ಪನ ಆಜ್ಞೆಯಂತೆ ವೀರಮಹೇಂದ್ರನ ವಿರುದ್ಧ ಕಾದಾಡಿ ನಾಗತರ ಮಡಿದ. ಸುದ್ದಿ ತಿಳಿದ ಎರೆಯಪ್ಪ ಇರುಗನೆಂಬವನಿಗೆ ನಾಗತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಯಾವ ಯಾವ ಊರು ಎಂಬ ಪಟ್ಟಿಯೂ ಅದೇ ಕಲ್ಲಿನಲ್ಲಿದೆ. ‘ಸೂಕ್ತ ನೆರವು ನೀಡಲಾಗುವುದು’ ಎಂಬಂತಹ ಮಾತು ಅಲ್ಲಿಲ್ಲ.

ಇನ್ನೊಂದು ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಶಾಸನ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ ಹಾಗೂ ಗಂಗರ ಬೂತುಗ ಸೇರಿ ಚೋಳರನ್ನು ಸೋಲಿಸಿದರು. ಬೂತುಗನ ಕಡೆಯ ವೀರ ಮಣಲೇರನ ಪರಾಕ್ರಮ ಮೆಚ್ಚಿ ಏನು ಬೇಕೆಂದು ಕೇಳಿದಾಗ, ಆತ ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಹಂದಿಯೊಂದರ ಜೊತೆ ಕಾದಾಡಿ, ಎರಡೂ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಮಣಲೇರನಿಗೆ ಊರುಗಳು ಬಾಳ್ಗಳ್ಚಾಗಿ ಬಂದವು. ನಾವು ಗಮನಿಸಬೇಕಾದದ್ದು ಶಾಸನದ ಕೊನೆಯಲ್ಲಿರುವ ಎಚ್ಚರಿಕೆಯನ್ನು. ಈ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಆ ನಾಯಿಯ ಪಾಪ ತಟ್ಟುತ್ತದೆ ಎಂದು ಅಲ್ಲಿ ಬರೆದಿದೆ. ಅಂದರೆ ಮರೆವಿಗೂ ಒಂದು ಶಿಕ್ಷೆ ಇತ್ತು.

ಹೀಗೆ ಹೆಸರು, ಮಾಡಿದ ಕೆಲಸ, ಕೊಟ್ಟ ಕೊಡುಗೆ, ತಪ್ಪಿದವರಿಗೆ ಶಾಪ, ಈ ನಾಲ್ಕೂ ಊರ ನಡುವೆ ಎಲ್ಲರ ಕಣ್ಣಿಗೆ ಬೀಳುವ ಕಲ್ಲಿನಲ್ಲಿದ್ದವು. ಅರಸನ ಮಾತನ್ನು ಯಾರು ಬೇಕಾದರೂ ಓದಿ ಕೇಳಬಹುದಿತ್ತು. ಹಾಗೆಂದು ಅದು ಸುವರ್ಣಯುಗವಾಗಿತ್ತೆಂದು ನಾನು ಹೇಳುತ್ತಿಲ್ಲ. ಮುಂದಿನ ಯುದ್ಧಕ್ಕೆ ಆಳುಗಳನ್ನು ಸೆಳೆಯುವ ಲೆಕ್ಕಾಚಾರವೂ ಈ ಕಲ್ಲುಗಳ ಹಿಂದಿತ್ತು. ಹೆಂಡತಿಯ ಪಾಲಿಗೆ ಪಕ್ಕದಲ್ಲೇ ಮಾಸ್ತಿಕಲ್ಲು ಎದ್ದ ಉದಾಹರಣೆಗಳೂ ಇವೆ. ಆದರೆ ಸಂತಾಪವೆಂದರೆ ಋಣದ ಒಪ್ಪಿಗೆ, ಆ ಋಣ ದಾಖಲಾಗಬೇಕು ಎಂಬ ತಿಳಿವಳಿಕೆ ಮಾತ್ರ ಸ್ಪಷ್ಟವಾಗಿತ್ತು.

ಆಳುವವರ ಮಾತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ತುಳುನಾಡಿನವರು ಶಾಸನ ಹುಡುಕಬೇಕಾಗಿಲ್ಲ. ಕೋಟಿ-ಚೆನ್ನಯರ ಪಾಡ್ದನದ ಬೇರಿನಲ್ಲೇ ಆ ಕಥೆಯಿದೆ. ಪಡುಮಲೆಯ ಬಲ್ಲಾಳನ ಪ್ರಾಣ ಉಳಿಸಿದವಳು ದೇಯಿ ಬೈದೆತಿ. ಅವಳಿಗೆ ಕೊಟ್ಟ ಮಾತನ್ನು ಮಕ್ಕಳು ಬೆಳೆದು ಬಂದು ಕೇಳಿದಾಗ ಬಲ್ಲಾಳ ಕೊಡಲಿಲ್ಲ. ಅಲ್ಲಿಂದ ಹೊತ್ತಿದ ಜಗಳ ಎಣ್ಮೂರಿನ ರಣರಂಗದಲ್ಲಿ ಮುಗಿಯಿತು. ಗರಡಿಗಳಲ್ಲಿ ಇಂದಿಗೂ ದೀಪ ಉರಿಯುವುದು ಬಲ್ಲಾಳನಿಗಲ್ಲ.

ತಂತಿ ಬರುತ್ತಿದ್ದ ಕಾಲ

ಸ್ವತಂತ್ರ ಭಾರತದ ಮೊದಲ ಐವತ್ತು ವರ್ಷಗಳಲ್ಲಿ ಸೈನಿಕನ ಮನೆಗೆ ಸಾವಿನ ಸುದ್ದಿ ತರುತ್ತಿದ್ದವನು ಅಂಚೆಯವನು. 1962, 1965, 1971ರ ಯುದ್ಧಗಳಲ್ಲಿ ಮಡಿದವರಲ್ಲಿ ಬಹುಪಾಲು ಜನರಿಗೆ ರಣರಂಗದ ಸಮೀಪವೇ ಅಂತ್ಯಕ್ರಿಯೆ ನಡೆಯಿತು. ಮನೆಗೆ ತಲುಪುತ್ತಿದ್ದದ್ದು ತಂತಿ, ಆಮೇಲೆ ಸಾಮಾನಿನ ಪೆಟ್ಟಿಗೆ, ಕೆಲವೊಮ್ಮೆ ಚಿತಾಭಸ್ಮ. ಹಳ್ಳಿಗಳಲ್ಲಿ ‘ತಂತಿ ಬಂತು’ ಎಂದರೆ ಓದುವ ಮೊದಲೇ ಅಳು ಆರಂಭವಾಗುತ್ತಿತ್ತು. ಆ ತಂತಿ ಸೇವೆಯೂ 2013ರ ಜುಲೈಯಲ್ಲಿ ನಿಂತುಹೋಯಿತು. ಪಾರ್ಥಿವ ಶರೀರವೇ ಬಾರದ ಮೇಲೆ ಮೆರವಣಿಗೆ ಎಲ್ಲಿಂದ, ಮಂತ್ರಿಗಳ ಸಾಲು ಎಲ್ಲಿಂದ?

ಆ ಕಾಲದಲ್ಲಿ ಸರ್ಕಾರದ ಮಾತು ಎಷ್ಟು ತಡವಾಗಿ ಬರಬಹುದಿತ್ತು ಎಂಬುದಕ್ಕೆ ನೆರೆಯ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರೇ ಸಾಕ್ಷಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಅವರು ಹಿಂದಿರುಗಲಿಲ್ಲ. ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಹೊಡೆದುರುಳಿಸಿ ತಾವೂ ಮಡಿದರೆಂಬ ಸಂಗತಿ ಹೊರಬಿದ್ದದ್ದು ವರ್ಷಗಳ ಬಳಿಕ, ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಿಂದ. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ! ಪತಿ ಹೇಗೆ ತೀರಿಕೊಂಡರು ಎಂಬ ಉತ್ತರಕ್ಕೆ ಪತ್ನಿ ಅಷ್ಟು ಕಾಲ ಕಾಯಬೇಕಾಯಿತು.

ಪೆಟ್ಟಿಗೆ ಮನೆಗೆ ಬಂದಾಗ

ಎಲ್ಲವೂ ಬದಲಾದದ್ದು 1999ರ ಕಾರ್ಗಿಲ್ ಯುದ್ಧದಲ್ಲಿ. ಅಲ್ಲಿ ಮಡಿದವರ ಶರೀರಗಳನ್ನು ವಿಮಾನದಲ್ಲಿ ತಂದು ಅವರವರ ಊರಿಗೇ ತಲುಪಿಸಲಾಯಿತು. ಅದೇ ಹೊತ್ತಿಗೆ ಖಾಸಗಿ ಟಿ.ವಿ. ಸುದ್ದಿವಾಹಿನಿಗಳೂ ಮನೆಮನೆಗೆ ಬಂದಿದ್ದವು. ದೇಶದ ಗಡಿಯ ಯುದ್ಧ ಹೀಗೆ ಹಳ್ಳಿಯ ಶಾಲಾ ಮೈದಾನಕ್ಕೆ ಬಂತು. ಪೆಟ್ಟಿಗೆ ಬಂದಲ್ಲಿಗೆ ಜನ ಬಂದರು, ಜನ ಬಂದಲ್ಲಿಗೆ ಕ್ಯಾಮರಾ ಬಂತು. ಇವೆರಡೂ ಇದ್ದಲ್ಲಿಗೆ ರಾಜಕಾರಣಿ ಬಾರದಿರುವುದು ಸಾಧ್ಯವಿರಲಿಲ್ಲ. ಬಾರದಿದ್ದರೆ ಅದೇ ಸುದ್ದಿಯಾಗತೊಡಗಿತು.

ಆಗ ರಕ್ಷಣಾ ಸಚಿವರಾಗಿದ್ದವರು ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಸಿಯಾಚಿನ್‌ಗೆ ಮತ್ತೆ ಮತ್ತೆ ಹೋಗಿ ಸೈನಿಕರ ಜೊತೆ ಕುಳಿತು ಬಂದ ಸಚಿವರೆಂಬ ಹೆಸರು ಅವರಿಗಿತ್ತು. ಸೈನಿಕರಿಗೆ ಬೇಕಾದ ಹಿಮವಾಹನಗಳ ಕಡತವನ್ನು ತಡೆದಿಟ್ಟ ಅಧಿಕಾರಿಗಳನ್ನು ಸಿಯಾಚಿನ್‌ಗೇ ಕಳುಹಿಸಿದವರು ಅವರು. ಅಂತಹವರ ಮೇಲೆಯೇ ‘ಶವಪೆಟ್ಟಿಗೆ ಹಗರಣ’ದ ಆರೋಪ ಬಂತು. ಕಾರ್ಗಿಲ್ ಸಂದರ್ಭದ ಖರೀದಿಗಳಲ್ಲಿ ಅಲ್ಯುಮಿನಿಯಂ ಶವಪೆಟ್ಟಿಗೆಗಳೂ ಸೇರಿದ್ದವು. ಸಿಎಜಿ ವರದಿ 2001ರ ಡಿಸೆಂಬರಿನಲ್ಲಿ ಅದನ್ನು ಟೀಕಿಸಿದಾಗ ಸಂಸತ್ತು ಹೊತ್ತಿ ಉರಿಯಿತು. ತನಿಖೆ ನಡೆಸಿದ ಸಿಬಿಐಗೆ ಫರ್ನಾಂಡಿಸ್ ವಿರುದ್ಧ ಪುರಾವೆ ಸಿಗಲಿಲ್ಲ. ವರ್ಷಗಳ ಮೇಲೆ ಬಂದ ಆ ಸುದ್ದಿಗೆ ಆರೋಪದಷ್ಟು ದೊಡ್ಡ ಶೀರ್ಷಿಕೆ ದೊರೆಯಲಿಲ್ಲ. ಸೈನಿಕನ ಪೆಟ್ಟಿಗೆ ರಾಜಕೀಯದ ನಡುಮನೆಗೆ ಬಂದದ್ದು ಹೀಗೆ.

ಕನ್ನಡ ನಾಡಿನ ಕೆಲವು ಬಾಗಿಲುಗಳು

ಕಾರ್ಗಿಲ್ ಬಳಿಕದ ನಮ್ಮ ರಾಜ್ಯದ ಕೆಲವು ಘಟನೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಯಲಹಂಕದ ಮನೆ. 2008ರ ನವೆಂಬರ್ 28ರಂದು ಮುಂಬಯಿಯ ತಾಜ್ ಹೋಟೆಲಿನಲ್ಲಿ ಉಗ್ರರೊಂದಿಗೆ ಕಾದಾಡಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ತಂದೆತಾಯಿ ಅಲ್ಲಿದ್ದರು. ಕುಟುಂಬದ ಮೂಲ ಕೇರಳ. ಅಂತ್ಯಕ್ರಿಯೆಗೆ ಕೇರಳ ಸರ್ಕಾರದ ಪ್ರತಿನಿಧಿ ಬರಲಿಲ್ಲವೆಂಬ ನೋವು ತಂದೆಗಿತ್ತು. ಮರುದಿನ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಭದ್ರತಾ ಸಿಬ್ಬಂದಿಯೊಡನೆ ಬಂದಾಗ ಅವರು ಬಾಗಿಲಲ್ಲೇ ಸಿಟ್ಟಾದರು. ಕೆರಳಿದ ಮುಖ್ಯಮಂತ್ರಿ, ಅದು ಸಂದೀಪ್ ಮನೆಯಲ್ಲದಿದ್ದರೆ ನಾಯಿಯೂ ಅತ್ತ ಹೋಗುತ್ತಿರಲಿಲ್ಲ ಎಂಬರ್ಥದ ಮಾತನ್ನಾಡಿದರು. ದೇಶವೇ ಖಂಡಿಸಿತು. ಕೊನೆಗೆ ಅವರು ವಿಷಾದ ವ್ಯಕ್ತಪಡಿಸಬೇಕಾಯಿತು. ಹೋರಾಟಗಳಲ್ಲೇ ಜೀವನ ಸವೆಸಿದ ಹಿರಿಯ ನಾಯಕರೊಬ್ಬರು ಒಂದು ವಾಕ್ಯದಲ್ಲಿ ಎಡವಿದ್ದು ಯಾಕೆ? ಸಾಂತ್ವನ ಹೇಳಲು ಹೋಗುವುದು ತಾವು ಮಾಡುವ ಉಪಕಾರ, ಅದನ್ನು ಮನೆಯವರು ಸ್ವೀಕರಿಸಲೇಬೇಕು ಎಂಬ ಭಾವನೆಯೇ ಕಾರಣವೆಂದು ನನಗನಿಸುತ್ತದೆ. ಬಾಗಿಲು ಆ ಮನೆಯವರದ್ದು. ತೆರೆಯುವ ಹಕ್ಕಿರುವವರಿಗೆ ಮುಚ್ಚುವ ಹಕ್ಕೂ ಇದೆ.

ಎರಡನೆಯದು ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಪಾತಕ್ಕೆ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಸಿಲುಕಿದರು. ಆರು ದಿನಗಳ ಬಳಿಕ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕಿದರು. ಪ್ರಧಾನಿ ನರೇಂದ್ರ ಮೋದಿ ದೆಹಲಿಯ ಸೇನಾ ಆಸ್ಪತ್ರೆಗೆ ಧಾವಿಸಿದರು, ದೇಶ ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಮರುದಿನ ಊರಿನಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪಾಲ್ಗೊಂಡರು. ಅದೇ ಹಿಮದಡಿ ಕನ್ನಡ ನಾಡಿನ ಇನ್ನಿಬ್ಬರಿದ್ದರು: ಹಾಸನ ಜಿಲ್ಲೆಯ ನಾಗೇಶ್, ಮೈಸೂರು ಜಿಲ್ಲೆಯ ಮಹೇಶ್. ಅವರ ಶರೀರಗಳು ಊರಿಗೆ ಬಂದದ್ದು ಆಮೇಲೆ. ಇಂದು ನಿಮ್ಮಲ್ಲಿ ಎಷ್ಟು ಮಂದಿಗೆ ಆ ಎರಡು ಹೆಸರು ನೆನಪಿದೆ? ಸಾವು ಒಂದೇ, ಸ್ಥಳ ಒಂದೇ, ರೆಜಿಮೆಂಟೂ ಒಂದೇ. ನಮ್ಮ ಗಮನ ಮಾತ್ರ ಒಂದೇ ಅಲ್ಲ.

ಮೂರನೆಯದು ಮದ್ದೂರು ತಾಲೂಕಿನ ಗುಡಿಗೆರೆ. ಆತಕೂರಿನ ಕಲ್ಲು ಸಿಕ್ಕಿದ ಅದೇ ತಾಲೂಕು. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಮಡಿದ ಸಿಆರ್‌ಪಿಎಫ್‌ನ 40 ಮಂದಿಯಲ್ಲಿ ಎಚ್. ಗುರು ಒಬ್ಬರು. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ 25 ಲಕ್ಷ ರೂಪಾಯಿ ಪರಿಹಾರ ಮತ್ತು ಪತ್ನಿಗೆ ಉದ್ಯೋಗ ಘೋಷಿಸಿದರು. ಭೂಮಿ ಕೊಡುವುದಾಗಿ ಮುಂದೆ ಬಂದವರೂ ಇದ್ದರು. ನೆತ್ತರುಗೊಡಗೆಯ ಹಳೆಯ ಸ್ಮೃತಿ ಆ ಮಣ್ಣಿನಲ್ಲಿ ಪೂರ್ತಿ ಅಳಿದಿಲ್ಲವೇನೋ.

ನಾಲ್ಕನೆಯದು ನಮಗೆ ಹತ್ತಿರದ್ದು. 2023ರ ನವೆಂಬರಿನಲ್ಲಿ ಜಮ್ಮುವಿನ ರಜೌರಿಯಲ್ಲಿ ನಡೆದ ಕಾಳಗದಲ್ಲಿ ಐವರು ಮಡಿದರು. ಅವರಲ್ಲಿ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಸುರತ್ಕಲ್‌ನ ಎಂಆರ್‌ಪಿಎಲ್ ಶಾಲೆಯಲ್ಲಿ ಓದಿದವರು. ತಂದೆ ಎಂಆರ್‌ಪಿಎಲ್‌ನ ಆಡಳಿತ ನಿರ್ದೇಶಕರಾಗಿದ್ದವರು. ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಮತ್ತು ರಾಜ್ಯಪಾಲರು ಅಂತಿಮ ನಮನ ಸಲ್ಲಿಸಿದರು; ರಾಜ್ಯ ಸರ್ಕಾರ 50 ಲಕ್ಷ ರೂಪಾಯಿ ಘೋಷಿಸಿತು. ಅದೇ ಕಾಳಗದಲ್ಲಿ ಮಡಿದ ಇನ್ನೊಬ್ಬ ಅಧಿಕಾರಿ ಕ್ಯಾಪ್ಟನ್ ಶುಭಂ ಗುಪ್ತಾ ಅವರ ಆಗ್ರಾದ ಮನೆಗೆ ಉತ್ತರ ಪ್ರದೇಶದ ಸಚಿವರೊಬ್ಬರು ಚೆಕ್ ಹಿಡಿದು ಹೋದರು. ಅಳುತ್ತಿದ್ದ ತಾಯಿಯ ಕೈಗೆ ಅದನ್ನು ಕೊಡುವ ಫೋಟೊ ತೆಗೆಯಲು ಕ್ಯಾಮರಾಗಳು ಮುಗಿಬಿದ್ದವು. ಇದನ್ನು ಪ್ರದರ್ಶನ ಮಾಡಬೇಡಿ ಎಂದು ಆ ತಾಯಿ ಬೇಡಿಕೊಂಡ ದೃಶ್ಯವನ್ನು ದೇಶವೆಲ್ಲ ನೋಡಿತು. ಚೆಕ್ಕಿನಲ್ಲಿ ತಪ್ಪಿರಲಿಲ್ಲ. ಕೊಟ್ಟ ಹೊತ್ತು ಮತ್ತು ಕೊಟ್ಟ ರೀತಿಯಲ್ಲಿತ್ತು.

2024ರ ಡಿಸೆಂಬರ್ 24ರಂದು ಪೂಂಛ್‌ನಲ್ಲಿ ಸೇನಾ ವಾಹನ ಕಮರಿಗೆ ಬಿದ್ದು ಐವರು ತೀರಿಕೊಂಡಾಗ ಮೂವರು ಕರ್ನಾಟಕದವರು. ಕುಂದಾಪುರ ತಾಲೂಕು ಬೀಜಾಡಿಯ ಅನೂಪ್ ಪೂಜಾರಿ ಅವರ ಶರೀರ ಬಂದಿಳಿದದ್ದು ನಮ್ಮ ಮಂಗಳೂರು ವಿಮಾನ ನಿಲ್ದಾಣದಲ್ಲೇ. ಇನ್ನು ಪೆಟ್ಟಿಗೆಯೇ ಬಾರದ ಮನೆಗಳೂ ಇವೆ. 2016ರ ಜುಲೈ 22ರಂದು ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ 29 ಮಂದಿಯೊಡನೆ ಕಾಣೆಯಾಯಿತು. ಅದರಲ್ಲಿ ಬೆಳ್ತಂಗಡಿ ತಾಲೂಕಿನ ಮಾಜಿ ಯೋಧರೊಬ್ಬರಿದ್ದರು. ಅವಶೇಷ ಬಂಗಾಳ ಕೊಲ್ಲಿಯ 3,400 ಮೀಟರ್ ಆಳದಲ್ಲಿ ಪತ್ತೆಯಾದದ್ದು 2024ರ ಜನವರಿಯಲ್ಲಿ. ಏಳೂವರೆ ವರ್ಷ! ಕ್ಯಾಮರಾಕ್ಕೆ ತೋರಿಸಲು ಏನೂ ಇಲ್ಲದ ಇಂತಹ ಮನೆಗೆ ನಾಯಕರು ಯಾವ ದಿನ ನೋಡಿಕೊಂಡು ಹೋಗಬೇಕು?

ಹೊರಗಿನ ಮೂರು ಪಾಠ

ಈ ತೊಡಕು ನಮ್ಮದೊಂದೇ ಅಲ್ಲ. 1864ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಲಿಂಕನ್ ಹೆಸರಿನಲ್ಲಿ ಬಾಸ್ಟನ್ನಿನ ವಿಧವೆಯೊಬ್ಬರಿಗೆ ಹೋದ ಪತ್ರ ಸಂತಾಪ ಸಾಹಿತ್ಯದಲ್ಲೇ ಪ್ರಸಿದ್ಧ. ಐವರು ಮಕ್ಕಳೂ ಮಡಿದರೆಂದು ತಿಳಿದು ಅದನ್ನು ಬರೆಯಲಾಗಿತ್ತು. ನಿಜವಾಗಿ ಯುದ್ಧದಲ್ಲಿ ಸತ್ತವರು ಇಬ್ಬರೆಂದು ನಂತರದ ದಾಖಲೆಗಳು ಹೇಳಿದವು. 2004ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ಅವರ ಸಂತಾಪ ಪತ್ರಗಳಿಗೆ ಯಂತ್ರ ಸಹಿ ಹಾಕುತ್ತಿತ್ತೆಂದು ಬಯಲಾಯಿತು; ಇನ್ನು ಮುಂದೆ ಕೈಯಾರೆ ಸಹಿ ಮಾಡುವೆನೆಂದು ಅವರು ಹೇಳಬೇಕಾಯಿತು. 2009ರಲ್ಲಿ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಕೈಯಾರೆ ಬರೆದ ಪತ್ರದಲ್ಲಿ ಹೆಸರೇ ತಪ್ಪಿತ್ತೆಂದು ಸೈನಿಕನ ತಾಯಿ ನೊಂದರು. ಬ್ರೌನ್ ಫೋನ್ ಮಾಡಿ ಕ್ಷಮೆ ಕೇಳಿದರು. ಮೂರರ ಸಾರ ಒಂದೇ: ಮಾತಿನ ಚೆಲುವಿಗಿಂತ ಹೆಸರು ಮತ್ತು ಸಂಗತಿ ಸರಿಯಾಗಿರುವುದು ಮುಖ್ಯ.

ಲೆಕ್ಕದ ಭಾಷೆ

ಭಾಷಣದಲ್ಲಿ ಎಲ್ಲರೂ ‘ಹುತಾತ್ಮ’ರು. ಆದರೆ ಸೇನೆಯಲ್ಲಾಗಲಿ ಕೇಂದ್ರ ಪೊಲೀಸ್ ಪಡೆಗಳಲ್ಲಾಗಲಿ ಅಂತಹ ಅಧಿಕೃತ ಪದವಿಲ್ಲವೆಂದು ಕೇಂದ್ರ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ಕಡತ ಕೇಳುವುದು ಬೇರೆಯೇ ಪ್ರಶ್ನೆ: ಸಾವು ಹೇಗಾಯಿತು? 2016ರಿಂದ ಜಾರಿಗೆ ಬಂದ ದರದಂತೆ ಕೇಂದ್ರದ ಪರಿಹಾರ ಕರ್ತವ್ಯದ ವೇಳೆ ಅಪಘಾತವಾದರೆ 25 ಲಕ್ಷ, ಗಡಿ ಚಕಮಕಿಯಾದರೆ 35 ಲಕ್ಷ, ಯುದ್ಧದಲ್ಲಿ ಶತ್ರುವಿನ ದಾಳಿಯಾದರೆ 45 ಲಕ್ಷ ಎಂದು ನಿಗದಿಯಾಯಿತು. ಕುಟುಂಬ ಪಿಂಚಣಿಯೂ ಹಾಗೆಯೇ. ಯುದ್ಧ ಅಥವಾ ಉಗ್ರರ ದಾಳಿಯಲ್ಲಿ ಸತ್ತರೆ ಕೊನೆಯ ವೇತನದಷ್ಟು. ಸೇವೆಯ ಕಾರಣದಿಂದಾದ ಇತರ ಸಾವಿಗೆ ಅದರ ಶೇ. 60, ಸಾಮಾನ್ಯ ಸಾವಾದರೆ ಶೇ. 30. ಸಿಆರ್‌ಪಿಎಫ್ ಗೃಹ ಇಲಾಖೆಗೆ ಸೇರಿದ್ದರಿಂದ ಅದರ ನಿಯಮಗಳೇ ಬೇರೆ.

ಇವು ಬರೆದಿಟ್ಟ ನಿಯಮಗಳು. ತಡವಾದರೂ ಕೇಳಿ ಪಡೆಯಬಹುದು. ತೊಡಕಿರುವುದು ಮೈದಾನದಲ್ಲಿ ಮೈಕ್ ಮುಂದೆ ಹುಟ್ಟುವ ಭರವಸೆಗಳಲ್ಲಿ: ನಿವೇಶನ, ಜಮೀನು, ಸ್ಮಾರಕ, ರಸ್ತೆಗೆ ಹೆಸರು, ತಮ್ಮನಿಗೆ ಕೆಲಸ. ಅವು ಯಾವ ಇಲಾಖೆಯ ಕಡತಕ್ಕೆ ಸೇರುತ್ತವೆ? ಹೇಳಿದ ಮಂತ್ರಿ ಬದಲಾದರೆ ಯಾರು ಹೊಣೆ? ತಾಲೂಕು ಕಚೇರಿಯಲ್ಲಿ ‘ಆದೇಶ ಬಂದಿಲ್ಲ’ ಎಂದರೆ ಆ ತಾಯಿ ಯಾವ ಕಾಗದ ತೋರಿಸಬೇಕು? ಪತ್ರಿಕೆಯ ತುಂಡೊಂದೇ ಅವಳ ಶಾಸನವಾಗುತ್ತದೆ. ಪರಿಹಾರವೆಂಬ ಪದವೇ ಭಾರವಾದದ್ದು. ಇದರಿಂದ ಎಲ್ಲವೂ ಪರಿಹಾರವಾಯಿತು ಎಂಬ ಧ್ವನಿ ಅದರಲ್ಲಿದೆ. ನೆತ್ತರುಗೊಡಗೆ ಎಂದವರು ಏನನ್ನು ಪಡೆದು ಏನನ್ನು ಕೊಡುತ್ತಿದ್ದೇವೆ ಎಂಬುದನ್ನು ಮರೆಮಾಚಲಿಲ್ಲ.

ನಮ್ಮ ಕೆಲಸ

ರಾಜಕಾರಣಿಗಳು ಹೋಗಲೇಬಾರದೇ? ಹೋಗಬೇಕು. ಸೈನಿಕನನ್ನು ಗಡಿಗೆ ಕಳುಹಿಸಿದ್ದು ಸರ್ಕಾರ. ಅದರ ಮುಖವೊಂದು ಆ ಮನೆಗೆ ಹೋಗಿ ತಲೆ ತಗ್ಗಿಸಿ ನಿಲ್ಲುವುದು ಪ್ರಜಾಪ್ರಭುತ್ವದ ಕರ್ತವ್ಯ. ಅಂತಹ ಭೇಟಿಯಿಂದ ಧೈರ್ಯ ಪಡೆದ ಮನೆಗಳೂ ಇವೆ. ಆದರೆ ಮನೆಯವರನ್ನು ಕೇಳಿ ಹೋಗಲಿ. ಹೆಸರು, ಹುದ್ದೆ, ರೆಜಿಮೆಂಟ್ ತಿಳಿದು ಹೋಗಲಿ. ಚೆಕ್ ಬ್ಯಾಂಕಿನ ಮೂಲಕ ಹೋಗಲಿ, ಫೋಟೊದ ಮೂಲಕ ಬೇಡ. ಕೊಟ್ಟ ಮಾತು ಅದೇ ವಾರ ಲಿಖಿತ ಆದೇಶವಾಗಿ, ಅದರ ಪ್ರತಿ ಆ ಮನೆಗೂ ಜಿಲ್ಲಾಧಿಕಾರಿ ಕಚೇರಿಗೂ ಸೈನಿಕ ಕಲ್ಯಾಣ ಇಲಾಖೆಗೂ ತಲುಪಲಿ. ವರ್ಷ ತುಂಬಿದ ದಿನ ಕ್ಯಾಮರಾ ಇಲ್ಲದೆ ಇನ್ನೊಮ್ಮೆ ಹೋಗಲಿ.

ವರದಿಗಾರರಾಗಲಿರುವ ನಿಮಗೂ ಒಂದು ಮಾತು. ಮೆರವಣಿಗೆಯ ಸುದ್ದಿ ಬರೆಯಲು ನೂರು ಜನರಿರುತ್ತಾರೆ. ಯಾರು ಯಾವ ಭರವಸೆ ಕೊಟ್ಟರು ಎಂಬುದನ್ನು ದಿನಾಂಕದೊಡನೆ ಬರೆದಿಟ್ಟುಕೊಂಡು, ಆರು ತಿಂಗಳ ಮೇಲೆ ಕಚೇರಿಗೆ ಹೋಗಿ ಕಡತ ಎಲ್ಲಿದೆ ಎಂದು ಕೇಳುವವರು ಕಡಿಮೆ. ಜುಲೈ 26ರಂದು ನಮ್ಮ ಕದ್ರಿಯ ಯುದ್ಧಸ್ಮಾರಕದಲ್ಲಿ ಕಾರ್ಗಿಲ್ ವಿಜಯ ದಿನ ಆಚರಿಸುತ್ತಾರೆ. ಅಲ್ಲಿಗೆ ಹೋದಾಗ ಹೂವಿಟ್ಟವರ ಹೆಸರಿನ ಜೊತೆಗೆ ಜಿಲ್ಲೆಯಲ್ಲಿ ಈಡೇರದೆ ಉಳಿದ ಭರವಸೆ ಎಷ್ಟು ಎಂಬುದನ್ನೂ ಕೇಳಿ ಬರೆಯಿರಿ. ಹಿಂದೆ ಊರ ನಡುವಿನ ಕಲ್ಲು ಮಾಡುತ್ತಿದ್ದ ಆ ಕೆಲಸ ಈಗ ಪತ್ರಿಕೆಯ ಪಾಲಿಗೆ ಬಂದಿದೆ.